ನಾಯಿ ಸಾಲಿಯ ಹೆಡ್‌ಮಾಸ್ತರ

ಬೆಂಗಳೂರಿನಲ್ಲಿರುವ ನನ್ನ ಮಗನ ನಾಯಿಗೆ ಟ್ಯೂಷನ್ ಇದೆ. ಸಂಜೆ ಐದರ ಹೊತ್ತಿಗೆ ಸೊಂಟಕ್ಕೊಂದು ಚೀಲ ಬಿಗಿದುಕೊಂಡ ತರುಣನೊಬ್ಬ ಬೈಕಿನ ಮೇಲೆ ಬರುತ್ತಾನೆ. ಅಪಾರ್ಟ್‌ಮೆಂಟಿನ ಕೆಳಗಿನ ಹುಲ್ಲಿನ ಮೇಲೆ ನಾಯಿಯನ್ನು ಕೂಡಿಸುತ್ತಾನೆ, ಎಬ್ಬಿಸುತ್ತಾನೆ, ಮತ್ತೆ ಕೂಡಿಸುತ್ತಾನೆ. ಮುಕ್ಕಾಲು ತಾಸಿಗೆ ಕೈ ಒರೆಸಿಕೊಂಡು ಹೋಗಿಬಿಡುತ್ತಾನೆ. ಇದಕ್ಕೆ ಅವನು ತಿಂಗಳಿಗೆ ಎಷ್ಟು ತೆಗೆದುಕೊಳ್ಳುತ್ತಾನೆಂದು ಸೊಸೆ ಹೇಳಿದಾಗ ಕುಡಿಯುತ್ತಿದ್ದ ಚಹಾ ನನ್ನ ನೆತ್ತಿಗೆ ಹತ್ತಿತು. ನಾನು ನೌಕರಿಗೆ ಸೇರಿದಾಗ ಅದು ಇಡೀ ವರ್ಷದ ಪಗಾರ. ಆ ಪಗಾರಕ್ಕೆ ಒಂದೇ ಖೋಲಿಯಲ್ಲಿ ಎರಡು ವರ್ಗದ ಹುಡುಗರನ್ನು ಕೂಡಿಸಿದವನು ನಾನು. ಅವರೊಳಗೆ ಕಚ್ಚುವವರೂ ಇದ್ದರು.

ಹಲಸಂಗಿಗೆ ಮರಳುವ ರಾತ್ರಿ ಬಸ್ಸಿನಲ್ಲಿ ನಿದ್ದೆ ಹತ್ತಲಿಲ್ಲ. ಅನುಭವ ಇತ್ತು, ಅಂಗಳ ಇತ್ತು, ಅಂಗಳದಲ್ಲಿ ಬೇವಿನ ಗಿಡದ ನೆರಳಿತ್ತು, ನಿವೃತ್ತನಾದ ಮೇಲೆ ಹೊತ್ತು ಹೋಗದ ದೊಡ್ಡ ಸಮಸ್ಯೆ ಇತ್ತು. ನಾಯಿಗಳಂತೂ ಓಣಿಗೊಂದು ದಂಡು. ಝಳಕಿ ಬರುವ ಹೊತ್ತಿಗೆ ಬೋರ್ಡಿನ ಬಣ್ಣ ಸಹ ನಿಶ್ಚಯವಾಗಿತ್ತು.

‘ಹಲಸಂಗಿ ಶ್ವಾನ ತರಬೇತಿ ಕೇಂದ್ರ. ಅನುಭವಿ ಶಿಕ್ಷಕರಿಂದ.’ ಹಸಿರು ಹಿನ್ನೆಲೆ, ಬಿಳಿ ಅಕ್ಷರ. ಬೋರ್ಡನ್ನು ಗೋಡೆಗೆ ಬಡಿಯುತ್ತಿದ್ದಾಗ ಮನೆಯಾಕೆ ಕಸಬರಿಗೆ ಹಿಡಿದುಕೊಂಡು ಬಂದು ಎರಡು ಸಲ ಓದಿದಳು. “ಅನುಭವಿ ಶಿಕ್ಷಕರಂದ್ರ ಯಾರನ್ನ ಕರಸ್ತೀರಿ?” ಅಂದಳು.

ಊರಿನ ಹೆಸರಿನದೇ ಒಂದು ಅಳುಕು. ಓದುಬರಹದವರಿಗೆ ಹಲಸಂಗಿ ಎಂದರೆ ಹಲಸಂಗಿ ಗೆಳೆಯರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂದು ಒಂದೇ ಉಸಿರಿನಲ್ಲಿ ಹೆಸರು ಹೇಳುತ್ತಾರೆ. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿದ್ದನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಹೊರತಂದವರು ಇವರು. ಇಂದಿಗೂ ಯಾವುದೋ ವಿಶ್ವವಿದ್ಯಾಲಯದವರು ಜೀಪು ಮಾಡಿಕೊಂಡು ಬಂದು ಊರು ಸುತ್ತಿ, ಕಟ್ಟೆಯ ಮೇಲೆ ಕೂತ ಮುದುಕಿಯರ ಬಾಯಿಗೆ ಮೊಬೈಲ್ ಹಿಡಿದು ಹೋಗುತ್ತಾರೆ. ಅಂಥ ಊರಿನ ಹೆಸರಿಗೆ ಶ್ವಾನ ಜೋಡಿಸಿದ್ದು ಸರಿಯೇ ಎಂದು ಸಾಹಿತ್ಯದಲ್ಲಿ ಆಸಕ್ತಿ ಇರುವ ಗೆಳೆಯರೊಬ್ಬರು ಬೇಸರಪಟ್ಟರು. ಧರ್ಮರಾಯನ ಸಂಗಡ ಕಡೆತನಕ ಹೋದದ್ದು ಯಾವುದು ಹೇಳ್ರಿ ಎಂದೆ. ಅವರು ಚಹಾ ಕುಡಿಯದೆ ಎದ್ದುಹೋದರು.

ತಯಾರಿ ನಾನು ಕಡಿಮೆ ಮಾಡಲಿಲ್ಲ. ಹೊಸ ಹಾಜರಿ ಪುಸ್ತಕ ತಂದೆ, ಪಾಠ ಟಿಪ್ಪಣಿ ಬರೆದೆ, ಘಟಕ ಪರೀಕ್ಷೆಗೆ ದಿನ ಗೊತ್ತು ಮಾಡಿದೆ. ಮೊಬೈಲಿನಲ್ಲಿ ಎಷ್ಟೋ ವಿಡಿಯೊ ನೋಡಿದೆ. ಎಲ್ಲರೂ ಹೇಳುವುದು ಒಂದೇ ಮಾತು: ಹೊಡೆಯಬೇಡಿ, ಬೈಯಬೇಡಿ, ಸರಿಯಾಗಿ ಮಾಡಿದಾಗ ತಿನ್ನಲು ಕೊಡಿ. ಇದರಲ್ಲಿ ನನಗೆ ಹೊಸದೇನೂ ಇರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಬಂದಾಗಲೇ ನಮ್ಮ ಕೈಯೊಳಗಿನ ಛಡಿ ಅಟ್ಟ ಸೇರಿತ್ತು. ನಲಿ-ಕಲಿಯ ತರಬೇತಿ ತೆಗೆದುಕೊಂಡವನಿಗೆ ನಾಯಿಯ ಪಾಠ ಯಾವ ಲೆಕ್ಕ? ಡಾಲ್ಫಿನ್‌ಗಳಿಗೆ ಕಲಿಸುತ್ತಿದ್ದ ಕರೆನ್ ಪ್ರಯರ್ ಎಂಬ ಅಮೆರಿಕದ ಹೆಣ್ಣುಮಗಳು ನಾಯಿಗಳಿಗೂ ಒಗ್ಗಿಸಿ ಪ್ರಸಿದ್ಧಿಗೆ ತಂದ ಕ್ಲಿಕ್ಕರ್ ಎಂಬ ಸಾಧನವನ್ನೂ ತರಿಸಿದೆ. ಒತ್ತಿದರೆ ಟಕ್ ಎನ್ನುತ್ತದೆ. ನಾಯಿ ಸರಿಯಾಗಿ ಮಾಡಿದ ಕ್ಷಣಕ್ಕೆ ಟಕ್, ಹಿಂದೆಯೇ ತಿನಿಸು. ಮೊದಲ ದಿನವೇ ಮೊಮ್ಮಗಳು ಅದನ್ನು ಟಕಟಕ ಒತ್ತುತ್ತ ಊರೆಲ್ಲ ಓಡಾಡಿದ್ದರಿಂದ ಮುಂದೆ ಆ ಸಪ್ಪಳಕ್ಕೆ ಯಾವ ನಾಯಿಯೂ ಕಿವಿ ಎತ್ತಲಿಲ್ಲ.

ಮೊದಲ ಗಿರಾಕಿ ನನ್ನ ಹಳೆಯ ವಿದ್ಯಾರ್ಥಿ. ನಾಲ್ಕನೇ ವರ್ಗದಲ್ಲಿ ಮಗ್ಗಿ ಬಾರದೆ ಕಿಡಕಿಯಿಂದ ಹಾರಿ ಹೋದವನು, ಈಗ ಟ್ರ್ಯಾಕ್ಟರಿನ ಮಾಲಕ. ತನ್ನ ಮೋತ್ಯಾನನ್ನು ಹಗ್ಗ ಹಾಕಿ ಎಳೆದುಕೊಂಡು ಬಂದಿದ್ದ.

“ಏನ್ ಕಲಸ್ತೀರಿ ಸರ್ರ?”

“ಮೊದಲ ಪಾಠ, ಕೂಡು ಅಂದ್ರ ಕೂಡತದ.”

ಅವನು ಮೋತ್ಯಾನ ಕಡೆ ನೋಡಿದ. ಮೋತ್ಯಾ ಆಗಲೇ ಬೇವಿನ ಗಿಡದ ಬುಡಕ್ಕೆ ಕಾಲು ಚಾಚಿ ಮಲಗಿತ್ತು. “ಅದು ಈಗೂ ಇಪ್ಪತ್ನಾಕ ತಾಸು ಕೂಡತದ್ರಿ ಸರ್ರ. ಏಳು ಅಂದ್ರ ಏಳೂದು ಕಲಸ್ರಿ, ಸಾಕು.”

ಎರಡನೆಯವರು ದ್ರಾಕ್ಷಿ ತೋಟದವರು. ವಸ್ತಿಯ ಮೇಲೆ ಜರ್ಮನ್ ಶೆಫರ್ಡ್ ಸಾಕಿದ್ದರು. ಅವರ ಬೇಡಿಕೆ ಸ್ಪಷ್ಟವಿತ್ತು. ಬೀಗರು ಬಂದರೆ ಬೊಗಳಬಾರದು, ಸಾಲ ಕೇಳುವವರು ಬಂದರೆ ಬಿಡಬಾರದು. ಆಗಲಿ ಎಂದು ಬರೆದುಕೊಂಡೆ. ಹೋಗುವಾಗ ಹೊಸ್ತಿಲ ಮೇಲೆ ನಿಂತು, “ಇನ್ನೊಂದು ಮಾತು ಗುರುಗಳ, ಸಾಲ ಬೀಗರ ಕಡೇನ ತಗೊಂಡೀನಿ. ಅದಕ್ಕ ನೀವ ಹ್ಯಾಂಗರ ಹೊಂದಿಸಿ ಕಲಸ್ರಿ” ಅಂದರು. ಮೂವತ್ತು ಚಿಲ್ಲರೆ ವರ್ಷ ಇಲಾಖೆಯ ಸುತ್ತೋಲೆ ಓದಿದವನು ನಾನು. ಇಂಥ ಬೇಡಿಕೆಗೆ ಅಂಜುವವನಲ್ಲ.

ಮೂರನೆಯದು ಚಡಚಣದ ಸೀರೆ ವ್ಯಾಪಾರಿಯ ಮನೆಯ ಪಾಮೇರಿಯನ್, ಹೆಸರು ಟೈಗರ್. ನಾಲ್ಕನೆಯದೂ ಟೈಗರ್. ಹಾಜರಿ ಕರೆಯುವಾಗ ತೊಂದರೆಯಾಗಬಾರದೆಂದು ಟೈಗರ್ ಎ, ಟೈಗರ್ ಬಿ ಎಂದು ಬರೆದುಕೊಂಡೆ. ಕರೆದಾಗ ಇವೆರಡೂ ತಿರುಗಿ ನೋಡಲಿಲ್ಲ. ಗೋಡೆಯಾಚೆ ಹಾದಿಯಲ್ಲಿ ಹೋಗುತ್ತಿದ್ದ ಮೂರನೆಯ ಟೈಗರ್ ಒಳಗೆ ಬಂತು.

ತಿನಿಸಿನ ಪ್ರಶ್ನೆಗೆ ನನ್ನ ಬಳಿ ಜಿಲ್ಲೆಯ ಹೆಮ್ಮೆಯ ಉತ್ತರವಿತ್ತು: ಮಣೂಕ. ವಿಜಯಪುರ ಜಿಲ್ಲೆಯಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡುಗಳಿಗೆ ಬರವಿಲ್ಲ. ಬಣ್ಣಗೆಟ್ಟ ಮಣೂಕ ಅಗ್ಗಕ್ಕೆ ಸಿಗುತ್ತದೆ. ಚಿಕ್ಕದು, ಸಿಹಿ, ಕಿಸೆಯಲ್ಲಿ ಅಂಟುವುದಿಲ್ಲ. ವಿಡಿಯೊದವರು ಹೇಳುವ ಚಿಕನ್ ತುಂಡನ್ನು ನಮ್ಮ ಮನೆಯ ಹೊಸ್ತಿಲೊಳಗೆ ತರುವ ಧೈರ್ಯ ನನಗಿರಲಿಲ್ಲ. ಎರಡು ಕಿಲೊ ಮಣೂಕ ತಂದು ಡಬ್ಬಿ ತುಂಬಿಸಿ, ಪರಿಚಯದ ಪಶುವೈದ್ಯರೊಬ್ಬರಿಗೆ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದೆ. ಅತ್ತ ಕಡೆಯಿಂದ ಬಂದ ದನಿ ಡಾಕ್ಟರರದೆಂದು ನಂಬಲು ಕಷ್ಟವಾಯಿತು. ದ್ರಾಕ್ಷಿ ಮತ್ತು ಮಣೂಕ ನಾಯಿಗೆ ವಿಷ. ಮೂತ್ರಪಿಂಡ ಕೈಕೊಡುತ್ತದೆ. ಎಷ್ಟು ತಿಂದರೆ ಅಪಾಯ ಎಂಬ ಲೆಕ್ಕವೂ ನಾಯಿಯಿಂದ ನಾಯಿಗೆ ಬೇರೆ. ದ್ರಾಕ್ಷಿಯೊಳಗಿನ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಬರೆದಿದ್ದಾರೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ, “ಒಂದು ಕಾಳೂ ಹಾಕಬ್ಯಾಡ್ರಿ” ಎಂದು ಫೋನ್ ಇಟ್ಟರು. ಆ ಎರಡು ಕಿಲೊ ಮಣೂಕವನ್ನು ಮನೆಮಂದಿಯೆಲ್ಲ ಸೇರಿ ಖರ್ಚು ಮಾಡಿದೆವು. ಶಿರಾದೊಳಗೆ ಮಣೂಕ, ಶಾವಿಗೆಯೊಳಗೆ ಮಣೂಕ, ಅವಲಕ್ಕಿಯೊಳಗೂ ಮಣೂಕ. ಮನೆಯಾಕೆ ನನಗೆ ಬಡಿಸುವಾಗಲೆಲ್ಲ ಟಕ್ ಎಂದು ಬಾಯಲ್ಲಿ ಸಪ್ಪಳ ಮಾಡುತ್ತಿದ್ದಳು.

ಮಣೂಕ ಹೋಗಿ ಜೋಳದ ರೊಟ್ಟಿ ಬಂತು. ಆದರೆ ನಮ್ಮ ಕಡೆ ರೊಟ್ಟಿಗೆ ನಾಯಿಗಳ ಲೋಕದಲ್ಲಿ ಬೆಲೆಯಿಲ್ಲ. ಮುಂಜಾನೆ ಒಲೆಯ ಮುಂದೆ ಕೂತ ಹೆಣ್ಣುಮಗಳು ಮೊದಲ ರೊಟ್ಟಿ ಬಡಿಯುವಾಗಲೇ ಬಾಗಿಲಲ್ಲಿ ನಾಯಿ ಇರುತ್ತದೆ. ಹಸಿದರೂ ಬರುತ್ತದೆ, ಹಸಿಯದಿದ್ದರೂ ಬರುತ್ತದೆ. ಒಂಬತ್ತಕ್ಕೆ ನನ್ನ ತರಗತಿ ಶುರುವಾಗುವ ಹೊತ್ತಿಗೆ ಮೋತ್ಯಾ ನಾಲ್ಕು ಮನೆ ತಿರುಗಿ ಬಂದಿರುತ್ತಿತ್ತು. ಒಂದು ಮನೆಯಲ್ಲಿ ಶೇಂಗಾ ಹಿಂಡಿ ಸವರಿದ ರೊಟ್ಟಿ, ಇನ್ನೊಂದರಲ್ಲಿ ಹಾಲಿನಲ್ಲಿ ಮುರಿದದ್ದು. ಅದರ ಮುಂದೆ ನಾನು ಒಣ ರೊಟ್ಟಿಯ ಚೂರು ಹಿಡಿದು “ಕೂಡು, ಕೂಡು” ಎನ್ನುತ್ತಿದ್ದೆ. ಅದು ಮೂಸಿ ನೋಡಿ ಮುಖ ಆಚೆ ತಿರುಗಿಸುತ್ತಿತ್ತು. ನಾಯಿ ಮಾಡಿದ ಕೆಲಸಕ್ಕೆ ಬಹುಮಾನ ಕೊಡಬೇಕೆನ್ನುವ ಪದ್ಧತಿಯೆಲ್ಲ ನಾಯಿಗೆ ಬೇರೆ ಗತಿ ಇಲ್ಲದ ಊರಿನಲ್ಲಿ ಹುಟ್ಟಿರಬೇಕು. ಇಲ್ಲಿ ಕೇಳದೆಯೇ ಹಾಕುವ ಮನೆಗಳು ಓಣಿ ತುಂಬ. ನಾನೊಬ್ಬನೇ ಷರತ್ತು ಹಾಕುವವನು.

ಗಂಟೆಯ ಪ್ರಸಂಗವನ್ನು ಹೇಳದಿದ್ದರೆ ಊರವರು ಹೇಳುತ್ತಾರೆ, ಅದಕ್ಕೆ ನಾನೇ ಹೇಳಿಬಿಡುತ್ತೇನೆ. ರಷ್ಯದ ಪಾವ್ಲೋವ್ ನಾಯಿಗಳಿಗೆ ಸಪ್ಪಳ ಕೇಳಿಸಿ ಬಳಿಕ ಆಹಾರ ಕೊಟ್ಟು, ಕಡೆಗೆ ಬರೀ ಸಪ್ಪಳಕ್ಕೇ ಜೊಲ್ಲು ಸುರಿಸುವಂತೆ ಮಾಡಿದ ಕಥೆ ನಮಗೆ ಟಿಸಿಎಚ್ಚಿನಲ್ಲಿ ಪಾಠವಿತ್ತು. ಅವನಿಗೆ 1904ರಲ್ಲಿ ನೊಬೆಲ್ ಬಂದದ್ದು ಪಚನಕ್ರಿಯೆಯ ಅಭ್ಯಾಸಕ್ಕೆ ಎಂಬುದನ್ನೂ ಪರೀಕ್ಷೆಯಲ್ಲಿ ಬರೆದವನು ನಾನು. ಬೇವಿನ ಟೊಂಗೆಗೆ ಒಂದು ಕಬ್ಬಿಣದ ಪಟ್ಟಿ ತೂಗುಬಿಟ್ಟೆ. ಗಂಟೆ ಹೊಡೆದ ಕೂಡಲೇ ಅನ್ನ ಸಾರು. ಹಾಜರಿ ಹೆಚ್ಚಿಸುವ ಉಪಾಯ ಇದಕ್ಕಿಂತ ಬೇರೆ ಬೇಕೆ? 2002ರಲ್ಲಿ ಬಿಜಾಪುರ ಸೇರಿದಂತೆ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾದಾಗ ಸಾಲಿ ಹೇಗೆ ತುಂಬಿತೆಂದು ಕಣ್ಣಾರೆ ಕಂಡವನಲ್ಲವೆ?

ಹಾಜರಿ ಹೆಚ್ಚಿತು. ದಾಖಲಾತಿ ಇಲ್ಲದ ನಾಯಿಗಳೂ ಬಂದು ಹಿಂದಿನ ಸಾಲಿನಲ್ಲಿ ಕೂತವು. ಒಂದು ಹೆಣ್ಣುನಾಯಿ ಮರಿಗಳನ್ನೂ ಕರೆದುಕೊಂಡು ಬಂತು. ಆದರೆ ಒಂದು ಸಂಗತಿ ನನ್ನ ಲೆಕ್ಕದಿಂದ ತಪ್ಪಿತ್ತು. ಗಂಟೆಗೂ ಊಟಕ್ಕೂ ನಂಟಿದೆ ಎಂಬುದನ್ನು ಈ ಊರಿನ ನಾಯಿಗಳು ಪಾವ್ಲೋವನ ಸಹಾಯವಿಲ್ಲದೆ ಎಂದೋ ಕಲಿತಿದ್ದವು. ಮಧ್ಯಾಹ್ನ ಊರ ಸಾಲಿಯ ಗಂಟೆ ಬಾರಿಸಿತು. ಬಿಸಿಯೂಟದ ಗಂಟೆ. ಆಗ ನಾನು ಟೈಗರ್ ಬಿಗೆ ‘ನಿಲ್ಲು’ ಎಂಬ ಪಾಠ ಮಾಡುತ್ತಿದ್ದೆ. ನಾಯಿಗಳು ಒಂದನ್ನೊಂದು ನೋಡಿದವು. ಮುಂದಿನ ಗಳಿಗೆಯಲ್ಲಿ ನನ್ನ ಇಡೀ ಸಾಲಿ ಗೇಟು ದಾಟಿ ಓಡುತ್ತಿತ್ತು. ಎದ್ದೇಳುವುದನ್ನು ಕಲಿಸಿರೆಂದು ಕೊಟ್ಟಿದ್ದ ಮೋತ್ಯಾ ಎಲ್ಲಕ್ಕಿಂತ ಮುಂದೆ. ಹಿಂದೆ ನಾನು, ಹಾಜರಿ ಪುಸ್ತಕ ಕಂಕುಳಲ್ಲಿ. ಸಾಲಿಯ ಆವರಣದಲ್ಲಿ ಹುಡುಗರು ತಾಟು ಹಿಡಿದು ಸಾಲಾಗಿ ಕೂತಿದ್ದರು, ನನ್ನ ವಿದ್ಯಾರ್ಥಿಗಳು ಅವರ ಎದುರಿಗೆ ಅಷ್ಟೇ ಸಾಲಾಗಿ ಕೂತಿದ್ದವು. ಅಲ್ಲಾಡದೆ, ಬೊಗಳದೆ, ಬೆನ್ನು ನೆಟ್ಟಗೆ ಮಾಡಿಕೊಂಡು. ನನ್ನ ಪಾಠ ಟಿಪ್ಪಣಿಯಲ್ಲಿ ಬರೆದದ್ದೆಲ್ಲ ಅಲ್ಲಿ ಆಗುತ್ತಿತ್ತು. ಹುಡುಗನೊಬ್ಬ ಎದ್ದು ನಿಂತು, “ಸರ್ರ, ನಿಮ್ಮ ಸಾಲಿ ಬಿಟ್ತೇನ್ರಿ?” ಎಂದು ಕೇಳಿದ.

ಈ ನಡುವೆ ರಾಣಿ ಬಂತು. ಮುಧೋಳ ನಾಯಿ. ಅದರ ಮಾಲಕರು ತಿಮ್ಮಾಪುರದ ಸಂಶೋಧನಾ ಕೇಂದ್ರದ ವರೆಗೆ ಹೋಗಿ ವಿಚಾರಿಸಿ, ಮುಧೋಳದ ಕಡೆಯ ಸಾಕಣೆದಾರರಿಂದ ತಂದದ್ದು. ವಿದ್ಯಾರ್ಥಿಯ ಮನೆತನ ದೊಡ್ಡದು. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರದ ಅಂಚೆಚೀಟಿ ತಂದಿದೆ. 2016ರಲ್ಲಿ ಸೇನೆಯವರು ಮರಿಗಳನ್ನು ಮೀರತ್ತಿನ ತಮ್ಮ ಪಶುವೈದ್ಯಕೀಯ ಕೇಂದ್ರಕ್ಕೆ ಒಯ್ದರು. 2020ರ ಆಗಸ್ಟಿನಲ್ಲಿ ಪ್ರಧಾನಿಗಳು ‘ಮನ್ ಕೀ ಬಾತ್’ನಲ್ಲಿ ಹೆಸರು ಹೇಳಿದರು. ನನ್ನ ಕೈಯಲ್ಲಿ ಕಲಿತವರೊಬ್ಬರೂ ಅಂಚೆಚೀಟಿಯ ಮೇಲೆ ಬಂದಿಲ್ಲ, ಪಾಸ್‌ಪೋರ್ಟ್ ಫೋಟೊ ತೆಗೆಸಿದವರೇ ಕಡಿಮೆ. ಮೇಲಾಗಿ ರನ್ನನ ಸೀಮೆಯಿಂದ ಬಂದದ್ದು. ನಾನು ಸ್ವಲ್ಪ ಬಗ್ಗಿಯೇ ಮಾತಾಡಿಸಿದೆ.

ರಾಣಿಯ ಸೊಂಟ ಮುಷ್ಟಿಯಲ್ಲಿ ಹಿಡಿಯುವಷ್ಟು, ಎಣಿಸಬಹುದಾದ ಪಕ್ಕೆಲುಬು. ತಳಿಯೇ ಹಾಗೆ. ಓಣಿಯವರಿಗೆ ಇದನ್ನು ತಿಳಿಸುವುದು ನನ್ನಿಂದಾಗಲಿಲ್ಲ. “ಮಂದಿ ನಾಯಿ ತಂದು ಉಪಾಸ ಕೆಡವ್ಯಾನ ಮಾಸ್ತರ” ಎಂದು ಗೋಡೆಯಾಚೆ ಮಾತಾಯಿತು. ಎದುರುಮನೆಯ ಆಯಿ ನಾನಿಲ್ಲದ ಹೊತ್ತು ನೋಡಿ ಹೋಳಿಗೆ ಹಾಕಿದಳು. ರಾಣಿ ಹೋಳಿಗೆ ತಿಂದು, ನನ್ನನ್ನು ನೋಡದೆ, ನನ್ನ ತಲೆಯ ಮೇಲಿಂದ ದೂರದ ಬಯಲನ್ನು ನೋಡುತ್ತ ನಿಂತಿತ್ತು. ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿ ಅದು. ಅಲ್ಲಾಡುವುದು ಕಂಡರೆ ಸಾಕು, ಓಟ. ಅಂಥದಕ್ಕೆ ನಾನು ಕಲಿಸಲು ಹೊರಟದ್ದು ‘ಬಾ’ ಅಂದರೆ ಹಿಂದಿರುಗುವ ಪಾಠ.

ಜೋಳ ಕೊಯ್ದ ಎರಿ ಹೊಲ. ಕೂಳೆ ಇನ್ನೂ ನಿಂತಿತ್ತು, ನೆಲ ಅಂಗೈಯಗಲ ಬಿರಿದಿತ್ತು. ಕೈ ಖಾಲಿ ಇರಲೆಂದು ಹಗ್ಗದ ತುದಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳಿ ಎಂದು ವಿಡಿಯೊದಲ್ಲಿ ಹೇಳಿದ್ದರು. ಕಟ್ಟಿಕೊಂಡೆ. ಧೋತರದ ಮೇಲೆಯೇ. ಒಂದು ಕೈಯಲ್ಲಿ ರೊಟ್ಟಿಚೂರು, ಇನ್ನೊಂದರಲ್ಲಿ ಕ್ಲಿಕ್ಕರ್. “ರಾಣೀ, ಬಾ” ಅಂದೆ. ರಾಣಿಯ ಕಿವಿ ಮುಂದಕ್ಕೆ ಬಂದವು. ಪಾಠ ತಲೆಗೆ ಹೋಗುತ್ತಿದೆ ಎಂದು ನಾನು ಹಿಗ್ಗಿ ಟಕ್ ಎನಿಸಿದೆ. ಆ ಸಪ್ಪಳಕ್ಕೋ ಏನೋ, ಕೂಳೆಯ ಸಾಲಿನಿಂದ ಒಂದು ಮೊಲ ಎದ್ದಿತು.

ಅಲ್ಲಿಂದ ಮುಂದಿನದನ್ನು ನಾನು ಹೆಚ್ಚಾಗಿ ನೆಲದ ಮಟ್ಟದಿಂದ ನೋಡಿದ್ದೇನೆ. ಮೊದಲು ಟೊಪಗಿ ಹೋಯಿತು. ಆಮೇಲೆ ಚಸಮಾ. ಧೋತರದ ಗಂಟು ನನಗಿಂತ ಬುದ್ಧಿವಂತ, ತಾನೇ ಬಿಚ್ಚಿಕೊಂಡು ನನ್ನನ್ನು ಹೊಲದೊಳಗೆ ಬಿಟ್ಟು ರಾಣಿಯ ಹಿಂದೆ ಹೋಯಿತು. ಎರಿ ನೆಲದ ಮೇಲೆ ಮೊಲ, ಮೊಲದ ಹಿಂದೆ ರಾಣಿ, ರಾಣಿಯ ಹಿಂದೆ ನಾಲ್ಕು ಮೊಳ ಬಿಳಿ ಧೋತರ ಹಾರುತ್ತ ಹೋದದ್ದನ್ನು ಬಾಂದಿನ ಮೇಲೆ ನಿಂತ ಕುರಿಗಾರ ಕಂಡಿದ್ದಾನೆ. ಪುಣ್ಯಕ್ಕೆ ಮೊಲ ತಪ್ಪಿಸಿಕೊಂಡಿತು. ಸಿಕ್ಕಿದ್ದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯನೊಬ್ಬನ ಹೆಸರು, ಅದೂ ಅರ್ಧ ಉಡುಪಿನಲ್ಲಿ, ಪೇಪರಿನಲ್ಲಿ ಬರುತ್ತಿತ್ತು.

ಕುರಿಗಾರ ಕಂಬಳಿ ಕೊಟ್ಟ. ಉಟ್ಟುಕೊಂಡೆ. ಅವನ ನಾಯಿ ಕುರಿಗಳ ನಡುವೆ ಕಣ್ಣುಮುಚ್ಚಿ ಮಲಗಿತ್ತು. ಒಂದು ಮರಿ ಅದರ ಬಾಲ ಜಗಿಯುತ್ತಿತ್ತು. ಇದಕ್ಕೆ ಯಾರು ಕಲಿಸಿದರು ಎಂದೆ. “ಯಾರೂ ಇಲ್ಲರಿ ಗುರುಗಳ. ಕಣ್ ಬಿಟ್ಟ ದಿನದಿಂದ ಕುರಿ ಜೋಡಿ ಮಲಗ್ಯಾದ. ತಾನೂ ಒಂದು ಕುರಿ ಅಂತ ತಿಳದದ.” ನಾಯಿಮರಿ ತನ್ನ ಮೂರರಿಂದ ಹದಿನಾಲ್ಕು ವಾರದೊಳಗೆ ಯಾರ ಸಂಗಡ ಬೆಳೆಯುತ್ತದೋ ಅವರನ್ನು ತನ್ನವರೆಂದು ತಿಳಿಯುತ್ತದೆ ಎಂದು ನಾನು ಓದಿದ ನಾಯಿ ತರಬೇತಿಯ ಪುಸ್ತಕದಲ್ಲಿಯೂ ಇತ್ತು, ಆ ಸಾಲಿನ ಕೆಳಗೆ ನಾನು ಪೆನ್ಸಿಲಿನಿಂದ ಗೆರೆಯನ್ನೂ ಎಳೆದಿದ್ದೆ. ರಾಣಿಯನ್ನು ಕರೆಯಲು ಎದ್ದರೆ ಕುರಿಗಾರ ಕೈ ಹಿಡಿದು ಕೂಡಿಸಿದ. “ಕರಿಬ್ಯಾಡ್ರಿ. ದಣದ ಮ್ಯಾಲ ತಾನ ಬರತದ. ನೀವು ಮಾತ್ರ ಇಲ್ಲೇ ಇರ್ರಿ.” ಬಂತು. ಧೋತರ ಸಹ ಬಂತು, ಉಡುವ ಸ್ಥಿತಿಯಲ್ಲಿರಲಿಲ್ಲ.

ಕಚ್ಚಿದ್ದು ರಾಣಿಯಲ್ಲ, ಟೈಗರ್ ಎ. ಸೀರೆ ವ್ಯಾಪಾರಿಯ ಮನೆಯ ಆ ಹತ್ತಿಯುಂಡೆ. ಛಡಿ ಬಿಟ್ಟಿದ್ದೆನೇ ಹೊರತು ಕಿವಿ ಹಿಂಡುವ ಚಾಳಿ ಬೆರಳಿಗೆ ಉಳಿದಿತ್ತು. ಪಾಠ ಕೇಳದೆ ಆಚೆ ನೋಡುತ್ತಿದ್ದವನ ಕಿವಿಗೆ ಕೈ ತಾನಾಗಿಯೇ ಹೋಯಿತು. ನಾಯಿಗಳು ಹುಡುಗರ ಹಾಗೆ ಇಲಾಖೆಗೆ ಅರ್ಜಿ ಬರೆಯುವುದಿಲ್ಲ. ನಳದ ಕೆಳಗೆ ಹದಿನೈದು ನಿಮಿಷ ಸಾಬೂನು ಹಚ್ಚಿ ತೊಳೆದು ಸರಕಾರಿ ದವಾಖಾನೆಗೆ ಹೋದೆ. ಅಲ್ಲಿಯ ನರ್ಸಬಾಯಿ ನನ್ನ ಕೈಯಲ್ಲಿ ಏಳನೇ ವರ್ಗ ಪಾಸಾದವಳು. ಚುಚ್ಚುಮದ್ದಿನ ದಿನಗಳನ್ನು ಚೀಟಿಯಲ್ಲಿ ಬರೆದುಕೊಟ್ಟಳು: 0, 3, 7, 28. ಎಣಿಕೆ ಒಂದರಿಂದ ಶುರುವಾಗಬೇಕಲ್ಲವೆ ಎಂದು ಕೇಳಬೇಕೆಂದಿದ್ದೆ. ಆಕೆ ಸೂಜಿ ಎತ್ತಿದಳು.

“ಸರ್ರ, ಕೂಡ್ರಿ.”

ಕೂತೆ.

“ಅಲ್ಲಾಡಬ್ಯಾಡ್ರಿ.”

ಅಲ್ಲಾಡಲಿಲ್ಲ. ಎರಡೂ ತೋಳಿಗೆ ಆದ ಮೇಲೆ ಮೇಜಿನ ಖಾನೆಯಿಂದ ಒಂದು ಪೆಪ್ಪರಮೆಂಟು ತೆಗೆದು ಕೊಟ್ಟಳು. ಅಷ್ಟು ದಿನದ ತರಬೇತಿಯಲ್ಲಿ ಹೇಳಿದ ಕೂಡಲೇ ಕೂತು ತಿನಿಸು ಪಡೆದ ಪ್ರಾಣಿ ಅದೊಂದೇ.

ಫೀಯ ಮಾತು ಬಿಟ್ಟೇಬಿಟ್ಟೆ. ನಮ್ಮ ಕಡೆ ರೊಕ್ಕ ಕೊಡುವ ರೂಢಿ ಸುಗ್ಗಿಯಾದ ಮೇಲೆ. ಅಲ್ಲಿಯ ತನಕ ತಮ್ಮ ತೋಟದಲ್ಲಿ ಬೆಳೆದದ್ದು ಕೊಡುತ್ತಾರೆ. ಇಂಡಿ ಸೀಮೆಯಲ್ಲಿ ಬೆಳೆಯುವುದು ನಿಂಬೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಿಂಬೆಯೆಂದು ಹೆಮ್ಮೆ ಬೇರೆ. ಪೇಟೆಯಲ್ಲಿ ದರ ಬಿದ್ದಾಗ ಆ ಹೆಮ್ಮೆ ಚೀಲಗಟ್ಟಲೆ ನನ್ನ ಪಡಸಾಲೆಗೆ ಬಂತು. ಮೋತ್ಯಾನ ಫೀ ಒಂದು ಚೀಲ, ಜರ್ಮನ್ ಶೆಫರ್ಡಿನದು ಎರಡು. ಮನೆಯಾಕೆ ಒಂದು ಮಾತೂ ಆಡದೆ ಈಳಿಗೆ ಮಣೆ ಎಳೆದುಕೊಂಡು ಕೂತಳು. ಉಪ್ಪು, ಅರಿಶಿನ, ಬ್ಯಾಡಗಿ ಖಾರ. ಬಿಸಿಲಿಗಿಟ್ಟ ಭರಣಿಗಳು ನನ್ನ ತರಗತಿಯ ಜಾಗವನ್ನು ಮೆಲ್ಲಗೆ ನುಂಗತೊಡಗಿದವು. ನಾಯಿ ಬಿಡಲು ಬಂದವರು ಉಪ್ಪಿನಕಾಯಿ ಒಯ್ದರು, ಮರುವಾರ ನಾಯಿ ಬಿಡದೆ ಬರೀ ಉಪ್ಪಿನಕಾಯಿ ಒಯ್ದರು. ಉದ್ಯಮ ನೋಂದಣಿಯ ಕಾಗದವನ್ನು ಕಂಪ್ಯೂಟರ್ ಅಂಗಡಿಯ ಹುಡುಗನ ಬಳಿ ಆಕೆಯೇ ಹೋಗಿ ತಿದ್ದಿಸಿಕೊಂಡು ಬಂದಳು. ನನ್ನ ಹಾಜರಿ ಪುಸ್ತಕದ ಹಿಂದಿನ ಪುಟಗಳಲ್ಲಿ ಈಗ ಉದ್ರಿ ಲೆಕ್ಕವಿದೆ.

ಮೊನ್ನೆ ಮೋತ್ಯಾನ ಮಾಲಕ ಬಂದ. ಮಗಳ ಗಂಡನ ಮನೆ ಭೀಮಾ ನದಿಯಾಚೆ, ಸೋಲಾಪುರ ಜಿಲ್ಲೆಯಲ್ಲಿ. ಅಲ್ಲಿ ವಸ್ತಿ ಕಾಯಲು ಮೋತ್ಯಾನನ್ನು ಕಳಿಸಬೇಕಂತೆ.

“ಸರ್ರ, ಒಂದು ಟಿಸಿ ಕೊಡ್ರಿ.”

“ನಾಯಿಗಿ ಟಿಸಿ ಯಾಕೋ?”

“ಹಾಂಗಲ್ಲರಿ. ಗಡಿ ದಾಟಿ ಹೋಗೂದು, ಅಲ್ಲಿ ಮರಾಠಿ ಮಂದಿ. ಸಾಲಿ ಕಲ್ತ ನಾಯಿ ಅಂತ ಬೀಗರಿಗಿ ಹೇಳೀನಿ. ಏನರ ಕಾಗದ ಇದ್ರ ಚೊಲೊ.”

ಹಳೆಯ ಕೈ, ಬೇಡವೆನ್ನಲಾಗಲಿಲ್ಲ. ಗೆರೆ ಎಳೆದು ಕಲಮು ಹಾಕಿದೆ. ವಿದ್ಯಾರ್ಥಿಯ ಹೆಸರು, ಮೋತ್ಯಾ. ತಂದೆಯ ಹೆಸರಿನ ಮುಂದೆ ಪೆನ್ನು ನಿಂತಿತು. “ನಂದ ಹಾಕ್ರಿ” ಅಂದ. ಜಾತಿ, ಜವಾರಿ. ಸಾಲಿ ಬಿಟ್ಟ ಕಾರಣ, ನೌಕರಿ ಸಿಕ್ಕಿದ್ದು. ನಡತೆ ಎಂಬಲ್ಲಿ ಯೋಚನೆ ಮಾಡದೆ ‘ಉತ್ತಮ’ ಎಂದು ಬರೆದೆ. ಅವನು ಬಗ್ಗಿ ಓದಿ, “ನನ್ನ ಟಿಸಿಯಾಗೂ ಹಿಂಗ ಬರದಿದ್ರಿ ಸರ್ರ” ಎಂದು ನಕ್ಕ. ಆಮೇಲೆ ಸಿಕ್ಕಾ ಎಲ್ಲಿ ಎಂದು ಕೇಳಿದ. ಸಾಲಿಯ ಸಿಕ್ಕಾವನ್ನು ನಿವೃತ್ತಿಯ ದಿನವೇ ಒಪ್ಪಿಸಿ ಬಂದಿದ್ದೆ. ಸಿಕ್ಕಾ ಇಲ್ಲದ ಕಾಗದ ಬೀಗರ ಮುಂದೆ ನಡೆಯುವುದಿಲ್ಲ ಎಂದು ಅವನು ಹಟ ಹಿಡಿದ. ಮನೆಯಾಕೆ ಒಳಗಿನಿಂದ ತನ್ನದು ತಂದು, ಮಸಿ ಹಚ್ಚಿ, ನನ್ನ ಸಹಿಯ ಮೇಲೆ ಒತ್ತಿಯೇಬಿಟ್ಟಳು. ದುಂಡಗೆ, ಕೆಂಪಗೆ ಮೂಡಿತು: ‘ಅಪ್ಪಟ ಇಂಡಿ ನಿಂಬೆ, ಮನೆಯಲ್ಲೇ ಹಾಕಿದ್ದು, ಒಣ ಚಮಚ ಬಳಸಿರಿ.’